ರೊಟ್ಟಿ ಕಟ್ಟಿ ಕಳಿಸಿದ ಬಟ್ಟೆ

ಇವತ್ತು ಬೆಳಿಗ್ಗೆ ಶಿಗ್ಗಾಂವಿ ಬಸ್ ಸ್ಟ್ಯಾಂಡಿನಲ್ಲಿ ಹಾನಗಲ್ ಬಸ್ಸಿನ ಕಂಡಕ್ಟರ್ ನನ್ನ ಕೈಗೆ ಒಂದು ಬಟ್ಟೆ ಕೊಟ್ಟ. ಅವ್ವನ ಹಳೇ ಇಳಕಲ್ ಸೀರೆಯ ತುಂಡು ಅದು. ಒಗೆದು, ಒಣಗಿಸಿ, ಮಡಿಕೆ ಹಾಕಿದ್ದಾರೆ. ಆದರೂ ಮೂಗಿಗೆ ಹಿಡಿದರೆ ಜೋಳದ ರೊಟ್ಟಿಯ ಸುಟ್ಟ ವಾಸನೆ. ಒಂದು ಮೂಲೆಯಲ್ಲಿ ಏನನ್ನೋ ಕಟ್ಟಿ ಗಂಟು ಹಾಕಿದೆ. ನೀವಾಗಿದ್ದರೆ ಅಲ್ಲೇ ಬಿಚ್ಚಿ ನೋಡುತ್ತಿದ್ದಿರಿ. ನಾನು ಮನೆಗೆ ತಂದು ಮೇಜಿನ ಮೇಲಿಟ್ಟು, ಅದರೆದುರು ಆರೋಪಿಯ ಹಾಗೆ ಕೂತಿದ್ದೇನೆ. ಯಾಕೆಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಾನು ವಾದ ಮಾಡುವವಳು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾಲಿಗೆ ಊಟದ ತಟ್ಟೆಯ ಮುಂದೆಯೂ ಸುಮ್ಮನಿರುವುದಿಲ್ಲ. ಸಾರು ಸಪ್ಪೆ ಅಂದರೆ ಅದರ ಪರವಾಗಿ ಎರಡು ಅಂಶ, ವಿರೋಧವಾಗಿ ಮೂರು. ಹಿರೇಕೆರೂರಿನ ಒಂದು ಸ್ಪರ್ಧೆಯಲ್ಲಿ ಸ್ವಯಂಸೇವೆಯಿಂದ ನಾಡು ಉದ್ಧಾರವಾಗುತ್ತದೆ ಎಂಬ ಮಾತಿನ ವಿರುದ್ಧ ನಿಂತು ಗೆದ್ದಿದ್ದೆ. ಬಿಟ್ಟಿ ತೆಗೆದುಕೊಂಡವರ ಬೆನ್ನು ಮತ್ತೆ ನೆಟ್ಟಗಾಗುವುದಿಲ್ಲ ಅಂದೆ. ಸರಕಾರ ಮಾಡಬೇಕಾದ್ದನ್ನು ಹೆಂಗಸರ ರಟ್ಟೆ ಮಾಡಿದರೆ ಸರಕಾರ ಹೊದ್ದು ಮಲಗುತ್ತದೆ ಅಂದೆ. ಎರಡನೆಯದನ್ನು ಈಗಲೂ ಬಿಟ್ಟುಕೊಡುವವಳಲ್ಲ.

ಅವತ್ತು ಮುಂದಿನ ಸಾಲಿನಲ್ಲಿ ಕೂತು ಕೇಳಿದವರಲ್ಲಿ ಚಿಕ್ಕೇರೂರಿನ ಶಾಂತಕ್ಕ ಒಬ್ಬರು. ವರದಾ ನದಿ ಏರಿದಾಗಲೆಲ್ಲ ಮನೆಮನೆಯಿಂದ ಕಡಕ್ ರೊಟ್ಟಿ ಕೂಡಿಸಿ ನೀರು ಹೊಕ್ಕ ಊರುಗಳಿಗೆ ಮುಟ್ಟಿಸುವ ಮಂದಿ ನಮ್ಮ ಕಡೆ ಇದ್ದಾರಲ್ಲ, ಅವರಲ್ಲೊಬ್ಬರು. ಆ ಗುಂಪಿಗೆ ಹೆಸರಿಲ್ಲ, ಆಫೀಸಿಲ್ಲ. ಈ ಓಣಿಯಿಂದ ಆ ಓಣಿಗೆ ಫೋನು, ಸಿಕ್ಕ ಬಸ್ಸು, ಒಂದು ಟಂಟಂ ಆಟೋ. ಪ್ರತಿ ಮನೆಯ ರೊಟ್ಟಿ ಆ ಮನೆಯದೇ ಬಟ್ಟೆಯಲ್ಲಿ ಹೋಗುತ್ತದೆ. ಬಟ್ಟೆ ತಿರುಗಿ ಬರಬೇಕು. ಶಾಂತಕ್ಕ ಆ ಗುಂಪಿನ ಗಂಟಲು. ಎಲ್ಲಿ ಇಳಿದರೂ ಮೊದಲು ಫೋಟೋ, ಆಮೇಲೆ ಭಾಷಣ, ಕೊನೆಗೆ ರೊಟ್ಟಿ. ನನಗೆ ಅವರನ್ನು ಕಂಡರಾಗುತ್ತಿರಲಿಲ್ಲ.

ಅದೇ ಮಳೆಗಾಲ ಸವಣೂರು ತಾಲೂಕಿನ ನಮ್ಮೂರಿಗೆ ನದಿ ನುಗ್ಗಿತು. ಮನೆಯ ಹಿಂದಿನ ಗೋಡೆ ಕುಸಿಯಿತು. ನಾವು ಶಾಲೆಯ ಕೋಣೆ ಸೇರಿದೆವು. ರೊಟ್ಟಿಯ ಟಂಟಂ ಬಂದ ಸದ್ದಿಗೆ ಅವ್ವ ಗೋಡೆಗೆ ಮುಖ ಮಾಡಿ ಕೂತಳು. ವರ್ಷವರ್ಷವೂ ರೊಟ್ಟಿ ಬಡಿದು ಕಳಿಸುತ್ತಿದ್ದವಳು.

“ನೀನ ಹೋಗವಾ. ನನಗ ಆಗೂದಿಲ್ಲ.”

ಹೋಗಿ ಸಾಲಿನಲ್ಲಿ ನಿಂತೆ. ನನ್ನ ಸರತಿ ಬಂದಾಗ ಶಾಂತಕ್ಕ ಕಣ್ಣು ಕಿರಿದು ಮಾಡಿ ನೋಡಿದರು.

“ಅಯ್ಯ, ವಾದಗಿತ್ತಿ! ಹಿರೇಕೆರೂರಾಗ ನಮ್ಮನ್ನ ಹಿಟ್ಟು ನಾದಿದಂಗ ನಾದಿದಾಕಿ ನೀನ ಅಲ್ಲೇನ? ತಗೋ. ಬೆನ್ನು ಬಗ್ಗಿಸಬ್ಯಾಡ, ನೆಟ್ಟಗ ನಿಂತ ತಗೋ.”

ಸಾಲೆಲ್ಲ ನಕ್ಕಿತು. ನಾನು ನೆಟ್ಟಗೂ ನಿಲ್ಲಲಿಲ್ಲ, ಬಗ್ಗಲೂ ಇಲ್ಲ. ರೊಟ್ಟಿಯ ಗಂಟನ್ನು ಅವುಚಿಕೊಂಡು ಓಡಿದೆ.

ಮರುದಿನ ಬಟ್ಟೆ ತಿರುಗಿ ಕೊಡುವ ಹೊತ್ತು. ಮನೆಯಿಂದ ಎತ್ತಿಕೊಂಡು ಬಂದಿದ್ದ ಗುರೆಳ್ಳು ಚಟ್ನಿಪುಡಿಯ ಡಬ್ಬಿ ತೆಗೆದು ಅವ್ವ ಬಟ್ಟೆಯ ಮೂಲೆಗೆ ಸುರಿಯತೊಡಗಿದಳು.

“ಅವ್ವ, ಇರೂದ ಇಷ್ಟು. ಅವರೇನ ಕೇಳ್ಯಾರೇನು?”

“ಯಾರೂ ಕೇಳೂದಿಲ್ಲ. ಖಾಲಿ ಬಟ್ಟಿ ಹೆಂಗ ಕೊಡೂದ?”

ಈ ಸಲ ಅವಳೇ ಎದ್ದು ಹೋದಳು. ಅಯ್ಯೋ ಪಾಪ, ನೀವ ಇಟ್ಕೋರಿ ಎಂದು ಶಾಂತಕ್ಕ ಅನ್ನುತ್ತಾರೆಂದು ನಾನು ಕಾದೆ. ಅಂದಿದ್ದರೆ ನನ್ನ ವಾದ ಗೆಲ್ಲುತ್ತಿತ್ತು. ಅವರು ಅಲ್ಲೇ ಗಂಟು ಬಿಚ್ಚಿ, ರೊಟ್ಟಿಯ ಚೂರು ಪುಡಿಗೆ ಒತ್ತಿ ಬಾಯಿಗಿಟ್ಟರು.

“ಉಪ್ಪು ಚೂರು ಜಾಸ್ತಿ ಆಗೇತಿ ನೋಡ್ರಿ.”

“ನಿಮ್ಮ ರೊಟ್ಟಿಗೆ ಉಪ್ಪ ಇರಲಿಲ್ಲಲ್ಲ,” ಅವ್ವ ಅಂದಳು, “ಅದಕ್ಕ ಸರಿದೂಗಿಸೇನಿ.”

ಇಬ್ಬರೂ ಜಗಳಕ್ಕೆ ಬಿದ್ದವರ ಹಾಗೆ ನಕ್ಕರು. ಗೋಡೆ ನೋಡುತ್ತ ಕೂತಿದ್ದ ಅವ್ವ ಟಂಟಂ ಅಂಚಿಗೆ ಒರಗಿ, ಫೋಟೋಕ್ಕೆ ಮೊದಲು “ತಡೀರಿ, ಸೆರಗು ಸರಿ ಮಾಡ್ಕೋತೇನಿ” ಅಂದಳು.

ಆಮೇಲೆ ನಾವು ಶಿಗ್ಗಾಂವಿಗೆ ಬಂದೆವು. ನಾನೂ ಗುಂಪು ಸೇರಿದೆ. ನಂಬಿಕೆಯಿಂದಲ್ಲ, ತಪಾಸಣೆಗೆ ಎಂದು ಎಲ್ಲರಿಗೂ ಹೇಳಿಕೊಂಡೆ. ಹಾಗೆ ಹೇಳಿಕೊಳ್ಳುವುದರಲ್ಲೂ ಒಂದು ಜಂಬವಿತ್ತು.

ಕಳೆದ ವಾರ ಹಾನಗಲ್ ಕಡೆ ಮಳೆ ಜಡಿಯಿತು. ಅಡಿಗೆಮನೆಯ ಸೂರು ಬಿದ್ದಿದ್ದ ನೀಲವ್ವ ಎಂಬವರ ಮನೆಗೆ ಅವ್ವನ ರೊಟ್ಟಿ ಮುಟ್ಟಿಸಲು ಹೋಗಿದ್ದೆ. ರೊಟ್ಟಿ ಎತ್ತಿಟ್ಟು ನೀಲವ್ವ ಬಟ್ಟೆ ಕೊಡವಿದರು.

“ಕುಂದ್ರವಾ, ಒಂದ ಗಳಿಗಿ. ಇದಕ್ಕ ಏನರ ಕಟ್ಟಿ ಕೊಡ್ತೇನಿ.”

ನಾನು ಗಡಿಯಾರ ನೋಡಿಕೊಂಡೆ. “ಏನೂ ಬ್ಯಾಡ್ರಿ. ನಿಮಗ ಏನೂ ಉಳದಿಲ್ಲ. ಖಾಲೀನ ಕೊಡ್ರಿ.”

ಅವರ ಮುಖ ಇಳಿದುಹೋಯಿತು. ಬಟ್ಟೆಯನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡು, ಅದರ ಮೇಲೆ ಎರಡೂ ಕೈ ಇಟ್ಟರು. “ಹಂಗಾದ್ರ ಇವತ್ತ ಕೊಡಂಗಿಲ್ಲ. ಕಳಸ್ತೇನಿ, ಹೋಗು.”

ಆ ಮುಖ ನನಗೆ ಗೊತ್ತಿತ್ತು. ಶಾಲೆಯ ಗೋಡೆಗೆ ತಿರುಗಿದ್ದ ಮುಖವೇ ಅದು. ಗೊತ್ತಿದ್ದೂ ಬಸ್ಸು ಹತ್ತಿದೆ. ದುಂಡಸಿ ದಾಟುವಷ್ಟರಲ್ಲಿ ನನ್ನ ಪರವಾಗಿ ಮೂರು ಅಂಶ ತಯಾರಾಗಿದ್ದವು: ಕನಿಕರ, ಅವಸರ, ಅವರ ಬಡತನ. ಒಂದೊಂದನ್ನೂ ಚೆಂದಾಗಿ ಮಂಡಿಸಿದೆ. ಕಿಟಕಿಯ ಗಾಜಿನಲ್ಲಿ ನನ್ನ ಮುಖ ನೋಡಲು ಮಾತ್ರ ಆಗಲಿಲ್ಲ. ಬೇರೆಯವರ ಬೆನ್ನು ಬಗ್ಗಿಸುವುದು ಬಿಟ್ಟಿ ರೊಟ್ಟಿ ಎಂದು ವೇದಿಕೆಯ ಮೇಲೆ ಕೂಗಿದವಳು ನಾನು; ನೀಲವ್ವ ರೊಟ್ಟಿಯನ್ನು ನೆಟ್ಟಗೆ ನಿಂತೇ ತೆಗೆದುಕೊಂಡಿದ್ದರು. ಬಗ್ಗಿದ್ದು ನನ್ನ ಮಾತಿಗೆ.

ಈಗ ಮೇಜಿನ ಮೇಲಿನ ಗಂಟು ಬಿಚ್ಚಿದೆ. ಒಂದು ಬೊಗಸೆ ಹುರಿದ ಶೇಂಗಾ. ಎಲ್ಲಿಂದ ತಂದು, ಯಾವ ಒಲೆಯ ಮೇಲೆ ಹುರಿದರೋ. ಒಂದೊಂದೇ ಬಿಡಿಸಿ ತಿಂದು ಮುಗಿಸಿ ಫೋನು ಹಚ್ಚಿದೆ.

“ನೀಲವ್ವಾರ, ಬಟ್ಟಿ ಮುಟ್ಟಿತ್ರಿ.”

“ಹೂಂ.” ಅಷ್ಟೇ.

ತಪ್ಪಾಯಿತು ಅನ್ನಲು ಬಾಯಿ ತೆರೆದೆ. ಅದನ್ನೂ ನಾನು ಭಾಷಣದ ಹಾಗೆ ಶುರು ಮಾಡಿಯೇನು ಅಂತ ಹೆದರಿಕೆಯಾಯಿತು.

“ಒಂದ ಶೇಂಗಾ ಕಹಿ ಇತ್ತರಿ,” ಅಂದೆ.

ಆ ಕಡೆ ದನಿ ಏರಿತು. “ಒಂದ ಕಹಿ ಅಂತ ಗೊತ್ತಾಗಬೇಕಾದ್ರ ಎಲ್ಲಾ ತಿಂದಿ ಅಂದಂಗಾತು! ಅವತ್ತ ಗಡಿಯಾರ ನೋಡೂದ ಬಿಟ್ಟು ಕುಂತಿದ್ದರ ಆರಿಸಿ ಕೊಡ್ತಿದ್ದೆ.”

ಮೇಜಿನ ಮೇಲಿನ ಶೇಂಗಾ ಸಿಪ್ಪೆಯನ್ನು ಅಂಗೈಯಿಂದ ಒಂದು ಕಡೆ ಸರಿಸಿದೆ.

“ಮುಂದಿನ ಸಲ ಕುಂದ್ರತೇನ್ರಿ.”

“ಮುಂದಿನ ಸಲ ರೊಟ್ಟಿ ತರಬ್ಯಾಡ,” ಅಂದರು ನೀಲವ್ವ. “ಹಸಕೊಂಡ ಬಾ.”