ಹದಿನೇಳನೆಯ ಪ್ರಶ್ನೆ

ಸಂಜೆ ನಾಲ್ಕು ಗಂಟೆ ಹನ್ನೆರಡು ನಿಮಿಷ. ಆ ಕರೆ ಬಂದ ಹೊತ್ತು ಅಪ್ಪನ ಫೋನಿನಲ್ಲಿ ಇನ್ನೂ ಇದೆ; ಆಗಾಗ ತೆರೆದು ನೋಡುತ್ತೇನೆ. ಮಗ್ಗದ ಸದ್ದಿಗೆ ಕಿವಿ ಮಂದವಾದ ಅಪ್ಪ ಯಾವಾಗಲೂ ಸ್ಪೀಕರಿನಲ್ಲೇ ಮಾತಾಡುವವರು. ಯಾರೋ ಗಂಡಸು, ನಯವಾದ ದನಿ. ನಮ್ಮ ಮನೆಯಲ್ಲಿದ್ದು ಓದುವ ಅಣ್ಣನ ಮಗಳ ಹೆಸರು ಹಿಡಿದು ಕೇಳಿದ. ಒಂಬತ್ತನೆಯ ತರಗತಿ ಎಂದ, ಇಳಕಲ್ಲಿನಲ್ಲಿ ನಮ್ಮ ಓಣಿ ಯಾವುದೆಂದೂ ಹೇಳಿದ. ದಿನಾ ಏಳಕ್ಕೆ ಓದಲು ಕೂಡುತ್ತಾಳೆ, ತ್ರಿಭುಜದ ಲೆಕ್ಕ ಬಂದರೆ ನಿಂತುಬಿಡುತ್ತಾಳೆ, ನಮ್ಮ ಕೋರ್ಸಿಗೆ ಸೇರಿಸಿ ಎಂದ.

ಅಪ್ಪನಿಗೆ ಕೋರ್ಸು ಕೇಳಿಸಲಿಲ್ಲ. ಹುಡುಗಿ ಏಳಕ್ಕೆ ಏನು ಮಾಡುತ್ತಾಳೆಂದು ಬಲ್ಲ ಗಂಡಸೊಬ್ಬ ಇದ್ದಾನೆ ಎಂಬುದಷ್ಟೇ ಕೇಳಿಸಿತು. ಅವಳನ್ನು ಕರೆದರು.

"ಯಾಂವ ಅಂವ?"

"ನಂಗ ಗೊತ್ತಿಲ್ಲ ಅಜ್ಜಾ."

"ಗೊತ್ತಿಲ್ಲದಾಂವಗ ನಿನಗ ಲೆಕ್ಕ ಬರೂದಿಲ್ಲಂತ ಹೆಂಗ ಗೊತ್ತಾತು? ನಾಳಿಯಿಂದ ಸಾಲಿ ಸಾಕು."

ತಪ್ಪು ನನ್ನದು. ಯಾವ ಅರ್ಜಿ ತುಂಬಿದರೂ ಹಿರಿಯರ ನಂಬರು ಬರೆಯುವುದು ನಮ್ಮ ಮನೆಯ ರೂಢಿ. ಬೇರೆಯದು ಕೊಟ್ಟರೆ ಅವರನ್ನು ಬದಿಗೆ ಸರಿಸಿದ ಹಾಗೆ. ಪುಕ್ಕಟೆ ಅಭ್ಯಾಸ ಪರೀಕ್ಷೆ ಬರೆಸುವ ವೆಬ್‌ಸೈಟಿಗೆ ನನ್ನ ಫೋನಿನಿಂದಲೇ ಅವಳ ಹೆಸರು, ತರಗತಿ, ವಿಳಾಸ, ಅಪ್ಪನ ನಂಬರು ಕೊಟ್ಟು, ಕೇಳಿದ್ದಕ್ಕೆಲ್ಲ ಓದದೇ 'ಒಪ್ಪಿದೆ' ಎಂದು ಒತ್ತಿದವಳು ನಾನು. ಬಾಗಲಕೋಟೆಯಲ್ಲಿ ಪದವಿ ಓದಿದವಳು.

ಅದನ್ನೇ ಅಪ್ಪನಿಗೆ ಹೇಳಿದೆ. "ಅವಳ್ನ ಉಳಸಾಕ ಸುಳ್ಳ ಹೇಳಬ್ಯಾಡ," ಎಂದರು ಅಪ್ಪ.

ಅವಳ ಬಗ್ಗೆ ನಿಮ್ಮಲ್ಲಿರುವುದನ್ನೆಲ್ಲ ಕಳಿಸಿ, ಆಮೇಲೆ ಅಳಿಸಿ ಎಂದು ವೆಬ್‌ಸೈಟಿನವರಿಗೆ ಬರೆದೆ. ಹನ್ನೊಂದು ದಿನ ಪಾಟಿಚೀಲ ಗೂಟದಲ್ಲೇ ತೂಗಿತು. ಯಾರಿಗೂ ನಿದ್ದೆ ಹತ್ತಲಿಲ್ಲ. ಹನ್ನೆರಡನೆಯ ದಿನ, ಭಾನುವಾರ, ಉತ್ತರ ಬಂತು. ಮಗ್ಗದ ಪಕ್ಕ ಕೂತು ಅಪ್ಪನಿಗೆ ಓದಿ ಹೇಳಿದೆ. ಯಾವ ದಿನ ಎಷ್ಟು ಗಂಟೆಗೆ ತೆರೆದಳು, ತ್ರಿಭುಜದ ಆ ಹದಿನೇಳನೆಯ ಪ್ರಶ್ನೆಯ ಮೇಲೆ ಎಷ್ಟು ಹೊತ್ತು ನಿಂತಳು, ಯಾವ ಉತ್ತರ ಒತ್ತಿ ಯಾವುದಕ್ಕೆ ಬದಲಿಸಿದಳು, ಆಗ ನನ್ನ ಫೋನಿನಲ್ಲಿ ಎಷ್ಟು ಚಾರ್ಜ್ ಉಳಿದಿತ್ತು. ಪುಟದ ಮೇಲೆ ಪುಟ. ಎತ್ತಿ ಆಡಿಸಿದ ನಾನೂ ಅವಳನ್ನು ಇಷ್ಟು ನೋಡಿರಲಿಲ್ಲ.

ಅಪ್ಪ ಮಗ್ಗದ ಮೇಲಿನ ಕೈ ನಿಲ್ಲಿಸಿ ಆಲಿಸಿದರು. "ಒಂದ ಎಳಿ ಬಿಡದಂಗ ಎಣಿಸ್ಯಾರಲ್ಲ." ಬಾಗಿಲಲ್ಲಿ ನಿಂತಿದ್ದ ಮೊಮ್ಮಗಳ ಕಡೆ ತಿರುಗಿದರು. "ಆ ಹದಿನೇಳನೇದ್ದು ಕಡೀಕ ಬಂತೇನ?"

"ಬಂತು ಅಜ್ಜಾ. ಮೂರನೇ ಸರ್ತಿಗೆ."

"ಅದನ್ನ ಅಂವ ಫೋನಿನ್ಯಾಗ ಹೇಳಲೇ ಇಲ್ಲ ನೋಡ, ಕಳ್ಳ."

ಮರುದಿನ ಅವಳು ಶಾಲೆಗೆ ಹೋದಳು. ಕರೆಗಳು ಬೇರೆ ಬೇರೆ ನಂಬರಿನಿಂದ ಬರುತ್ತಲೇ ಇದ್ದವು. ಅವಳ ವಿವರ ಯಾರಿಗೆಲ್ಲ ಹಂಚಿದ್ದರೆಂದು ಆ ಪುಟಗಳಲ್ಲಿ ಇರಲಿಲ್ಲ. ಅಪ್ಪನೇ ಎತ್ತಿ, "ಮೊಮ್ಮಗಳು ಸಾಲಿಗಿ ಹೋಗ್ಯಾಳ್ರಿ," ಎಂದು ಇಟ್ಟುಬಿಡುತ್ತಿದ್ದರು. ಅವಳು ಶಾಲೆಗೆ ಹೋದ ಆ ಸೋಮವಾರ ರಾತ್ರಿ ನಾವು ಮೂವರೂ ಬೆಳಗಿನ ತನಕ ಒಮ್ಮೆಯೂ ಎಚ್ಚರಾಗದೆ ಮಲಗಿದೆವು.