ಕಟ್ ಲಿಸ್ಟ್ ಮುರಳಿಮೋಹನ

ಕೋಲಾರದ ನಮ್ಮ ಎಡಿಟಿಂಗ್ ಕೋಣೆಗೆ ತೊಂಬತ್ತೆಂಟರಲ್ಲಿ ಕಂಪ್ಯೂಟರ್ ಬಂದಾಗಿನಿಂದ ಮುರಳಿಮೋಹನನಿಗೆ ಕೊಂಬು ಬಂದಿದೆ. ಕಂಪ್ಯೂಟರಿನಲ್ಲಿ ಜೋಡಿಸಿದ ಸಿನಿಮಾಕ್ಕೆ ತಕ್ಕಂತೆ ಅಸಲಿ ನೆಗೆಟಿವನ್ನು ಎಲ್ಲಿಂದ ಎಲ್ಲಿಗೆ ಕತ್ತರಿಸಬೇಕೆಂದು ನಂಬರು ಬರೆದುಕೊಡುವುದು ಇವನ ಕೆಲಸ. ಆ ಪಟ್ಟಿಯೇ ಕಟ್ ಲಿಸ್ಟು. ಹಾಳೆ ಮಡಿಸುವುದರಲ್ಲಿರುವ ಶ್ರದ್ಧೆ ನಂಬರು ನೋಡುವುದರಲ್ಲಿಲ್ಲ. ಇವನ ಆರು ಒಂಬತ್ತಾಗಿ, ನಾಯಕಿಯ ಮದುವೆಮಂಟಪಕ್ಕೆ ಎಮ್ಮೆ ನುಗ್ಗಿದ್ದುಂಟು. ಕೇಳಿದರೆ ಬಾಚಣಿಗೆ ತೆಗೆದು ಕ್ರಾಪು ತೀಡುತ್ತಾ, "ಕಂಪ್ಯೂಟರ್ ತಪ್ಪು ಮಾಡಲ್ಲ ಕಣ್ರೀ" ಅನ್ನುತ್ತಾನೆ. ನಿಜ, ತಪ್ಪಿನ ಖಾತೆ ಪೂರ್ತಿ ಇವನದೇ. ನೆಗೆಟಿವ್ ಕತ್ತರಿಸುವ ಅನಸೂಯಮ್ಮ ಮೊನ್ನೆ ಬಿಳಿ ಗ್ಲೌಸು ಕಳಚಿಟ್ಟು ಬೈದರು: "ಏನ್ಲಾ, ಒಂದೇ ಶಾಟು ಮೂರು ಕಡೆ ಬರ್ದಿದ್ದೀಯ! ಕಂಪ್ಯೂಟರಲ್ಲಿ ನೂರು ಸಲ ಹಾಕ್ಕೋ, ನನ್ ಹತ್ರ ನೆಗೆಟಿವ್ ಇರೋದು ಒಂದೇ. ನಕಲು ತೆಗ್ಸೋಕೆ ಪ್ರೊಡ್ಯೂಸರ್ ಒಪ್ಪಲ್ಲ. ಯಾವ ಕಡೆಗೆ ಅಂಟಿಸ್ಲಿ, ಹೇಳು?" ಶಾಟಿನಲ್ಲಿದ್ದದ್ದು ಶ್ರೀನಿವಾಸಪುರದ ಮಾವಿನ ಮಂಡಿಯ ಗುಂಪಿನ ನಡುವೆ ಬುಟ್ಟಿ ಹೊತ್ತು ದಾಟುವ ಒಬ್ಬ ಮುದುಕ, ಶೂಟಿಂಗ್ ಮುಗಿದ ತಿಂಗಳಲ್ಲೇ ತೀರಿಕೊಂಡ ಇವನ ಅಪ್ಪ. ಬಾಚಣಿಗೆ ಜೇಬಿಗೆ ಹೋಯಿತು. ಜೀವಮಾನದಲ್ಲಿ ಮೊದಲ ಸಲ ಹಾಳೆಯ ನಂಬರುಗಳ ಮೇಲೆ ಬೆರಳಿಟ್ಟು ಓದಿದ. "ಮೊದಲ್ನೇ ಕಡೆಗೇ ಅಂಟಿಸಿ ಅಕ್ಕ," ಅಂದ, "ಅಮ್ಮ ತಾಯಲೂರು ಬಸ್ಸು ಹೋಗ್ಬಿಡುತ್ತೆ ಅಂತ ಇಂಟರ್‌ವಲ್‌ಗೇ ಎದ್ದುಬಿಡ್ತಾಳೆ."