ಜುರೆಮಾ ಬರೆಸಿದ ಹನ್ನೊಂದು ಹೆಸರು

ಓವರ್‌ಲೇಕ್‌ನ ಶಾಲೆಯೊಂದರ ಮೈದಾನದಲ್ಲಿ ಶನಿವಾರ ಬೆಳಿಗ್ಗೆ ಹುಡುಗಿಯರಿಗೆ ಫುಟ್‌ಬಾಲ್ ಕಲಿಸುವ ಜುರೆಮಾ ಅವರಿಗೆ ಈಗ ಎಪ್ಪತ್ತೆರಡು ವರ್ಷ. ಬ್ರೆಜಿಲ್‌ನ ಬಂದರು ಊರೊಂದರ ಕಪ್ಪು ಹೆಣ್ಣುಮಗಳು. ಇಲ್ಲಿಗೆ ಹತ್ತಿರದ ಎವರೆಟ್‌ನ ವಿಮಾನ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ರೆಕ್ಕೆಗಳಿಗೆ ರಿವೆಟ್ ಮೊಳೆ ಹೊಡೆದು ನಿವೃತ್ತರಾದವರು. ನನ್ನ ಮಗಳು ನವ್ಯಾಳ ಕೋಚ್ ಎಂಬುದರಾಚೆ ನನಗೆ ಗೊತ್ತಿದ್ದದ್ದು ಅಷ್ಟೇ.

ಹೋದ ವರ್ಷ ಏಪ್ರಿಲ್‌ನಲ್ಲಿ ಅವರು ಹಳೆಯ ಫೋಟೊ ಒಂದನ್ನು ನನ್ನ ಕೈಗಿಟ್ಟರು. ಅವರೂ ಸೇರಿ ಹನ್ನೊಂದು ಹುಡುಗಿಯರು ಸಾಲಾಗಿ ನಿಂತಿದ್ದರು.

“ಯಾಮಿನಿ, ನಿಂದು ಕಂಪ್ಯೂಟರ್ ಕೆಲಸ ಅಲ್ವಾ? ಇವರನ್ನ ಹುಡುಕಿಕೊಡ್ತೀಯಾ?”

ಜುರೆಮಾ ಆಡತೊಡಗಿದಾಗ ಬ್ರೆಜಿಲ್‌ನಲ್ಲಿ ಹೆಂಗಸರು ಫುಟ್‌ಬಾಲ್ ಆಡುವುದು ಕಾನೂನಿಗೆ ವಿರುದ್ಧವಾಗಿತ್ತು. ಆದರೂ ಗೋದಾಮುಗಳ ಹಿಂದಿನ ಬಯಲಿನಲ್ಲಿ ಈ ಹನ್ನೊಂದು ಜನ ಆಡುತ್ತಿದ್ದರು. ಜುರೆಮಾಗೆ ಹತ್ತೊಂಬತ್ತಿದ್ದಾಗ ಒಂದು ಪಂದ್ಯದ ನಡುವೆ ಪೊಲೀಸರು ಬಂದು ಎಲ್ಲರನ್ನೂ ಠಾಣೆಗೆ ಒಯ್ದರು. ಉಳಿದ ಹತ್ತು ಬಿಳಿಯ ಹುಡುಗಿಯರನ್ನು ಸಂಜೆಯೊಳಗೆ ಬಿಟ್ಟರು. ಇವರೊಬ್ಬರನ್ನೇ ಇಟ್ಟುಕೊಂಡು, ಇನ್ನು ಆಡುವುದಿಲ್ಲವೆಂದು ಬರೆದ ಕಾಗದಕ್ಕೆ ಸಹಿ ಹಾಕು ಎಂದರು. ಇವರು ಹಾಕಲಿಲ್ಲ. ಮೂರನೆಯ ದಿನ ಪೊಲೀಸರಿಗೇ ಸಾಕಾಯಿತು. ಹೊರಗೆ ಬಂದು ನೋಡಿದರೆ ಹತ್ತೂ ಜನ ಠಾಣೆಯ ಮೆಟ್ಟಿಲ ಮೇಲೆ ಕೂತಿದ್ದರು. ಮನೆಯವರು ಬಂದು ಬೈದರೂ ಎದ್ದಿರಲಿಲ್ಲ.

ಮುಂದೆ ಆ ಕಾನೂನು ಹೋಯಿತು. ಮೂವತ್ತನೇ ವಯಸ್ಸಿನಲ್ಲಿ ಜುರೆಮಾ ಊರಿನ ಕ್ಲಬ್‌ನ ಮೊದಲ ಮಹಿಳಾ ತಂಡದ ನಾಯಕಿಯಾದರು. ಎರಡೇ ವರ್ಷಕ್ಕೆ ಮಂಡಿ ಕೈಕೊಟ್ಟಿತು. ಆಮೇಲೆ ದೇಶ ಬಿಟ್ಟು, ಮೊದಲೇ ಹೋಗಿದ್ದ ಅಕ್ಕನ ಹಿಂದೆ ಎವರೆಟ್‌ಗೆ ಬಂದರು.

ಈಗ ಅದೇ ಕ್ಲಬ್ ತನ್ನ ಗೇಟಿನ ಬಳಿ ಅವರ ಹೆಸರಿನ ಫಲಕ ಹಾಕಲು ಹೊರಟಿತ್ತು.

“ನನ್ನೊಬ್ಬಳ ಹೆಸರಾದ್ರೆ ನಾನು ಬರೋದೇ ಇಲ್ಲ ಅಂದೆ,” ಎಂದರು. “ಉಳಿದವರ ದಾಖಲೆನೇ ಇಲ್ವಂತೆ. ಮೊದಲ ಹೆಸರು ನನಗೆ ನೆನಪಿದೆ. ಪೂರ್ತಿ ಹೆಸರು, ಊರು ಬೇಕು.”

ಹತ್ತು ವಾರ ಹುಡುಕಿದೆವು. ನಾನು ಹಳೆಯ ಪತ್ರಿಕೆ, ಶಾಲೆಯ ಪಟ್ಟಿಗಳನ್ನು ಜಾಲಾಡಿದೆ. ಅವರು ಫೋನ್ ಮೇಲೆ ಫೋನ್ ಮಾಡಿದರು. ಮೂವರು ತೀರಿಕೊಂಡಿದ್ದರು, ಅವರ ವಿವರ ಮಕ್ಕಳಿಂದ ಸಿಕ್ಕಿತು. ಕೊನೆಗೆ ಸಿಕ್ಕವರು ಗೋಲ್‌ಕೀಪರ್ ಲೆನೀರಾ. ಜುರೆಮಾ ತಮ್ಮ ಹೆಸರು ಹೇಳಿದ್ದೇ ತಡ, ಆ ಕಡೆಯಿಂದ ಒಂದೇ ಸಮ ಬೈಗುಳ.

“ಏನಂತೆ?” ಎಂದೆ.

“ನಾನು ಯಾರಿಗೂ ಚೆಂಡು ಪಾಸ್ ಮಾಡ್ತಿರಲಿಲ್ವಂತೆ!” ಎಂದು ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ನವೆಂಬರಿನಲ್ಲಿ ಹನ್ನೊಂದೂ ಹೆಸರಿನ ಫಲಕ ನಿಂತಿತು. ಜುರೆಮಾ ಹೋಗಿದ್ದರು. ಕ್ಲಬ್ ಕಳಿಸಿದ ವಿಡಿಯೊದಲ್ಲಿ ಅವರು ಫಲಕದ ಪಕ್ಕದಲ್ಲಿ ಪೋಸು ಕೊಟ್ಟು ನಿಂತಿಲ್ಲ. ಗಾಲಿಕುರ್ಚಿಯಲ್ಲಿದ್ದ ಲೆನೀರಾರನ್ನು ಅದರ ಎದುರಿಗೆ ತಳ್ಳಿಕೊಂಡು ಬಂದು, ಬಗ್ಗಿ, ಒಂದೊಂದೇ ಹೆಸರನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದಾರೆ.